ಕಂಚಿನ ಗಂಟೆ ಮತ್ತು ಎರಡು ಸಾಲು

ಅರಮನೆಯ ವಾದ್ಯಗೋಷ್ಠಿಯಲ್ಲಿ ಎಲ್ಲರೂ ನಂಬಿದ್ದು ಒಂದೇ ಮಾತು: ಅಪಸ್ವರ ಬರುವುದು ಪಕ್ಕದ ಸಾಲಿನಿಂದ.

ಸಾಲುಗಳು ಎರಡು. ಎಡಗಡೆ ಪಿಟೀಲಿನವರು, ಅವರಿಗೆ ಹಿರಿಯರು ನಂಜುಂಡಾಚಾರ್ಯರು. ಬಲಗಡೆ ಕೊಳಲು, ಕ್ಲಾರಿನೆಟ್ ಊದುವವರು. ಅವರಿಗೆ ಹಿರಿಯ ಲಾಜರಪ್ಪ. ಕಛೇರಿಗೆ ಮೊದಲು ಸಭಾಂಗಣದ ಬಾಗಿಲಲ್ಲಿ ತೂಗುವ ಕಂಚಿನ ಗಂಟೆಯನ್ನು ಹೊಡೆಯುತ್ತಿದ್ದರು. ಎರಡೂ ಸಾಲಿನವರು ಆ ನಾದಕ್ಕೆ ಶ್ರುತಿ ಸೇರಿಸಿಕೊಂಡು ಶುರುಮಾಡುವುದು ಅಲ್ಲಿನ ಪದ್ಧತಿ. ಅರ್ಧ ಕಛೇರಿಯವರೆಗೆ ಎಲ್ಲ ಚೆನ್ನಾಗಿರುತ್ತಿತ್ತು. ಆಮೇಲೆ ಕೇಳುವವರು ಮುಖ ಕಿವುಚಿಕೊಳ್ಳುತ್ತಿದ್ದರು.

“ಏನಯ್ಯಾ ಲಾಜರಪ್ಪ, ನಿಮ್ಮವರು ಅಟ್ಟ ಹತ್ತಿ ಕೂತುಬಿಡ್ತಾರಲ್ಲ, ಇಳಿಸೋದು ಹೇಗೆ?” ಎನ್ನುತ್ತಿದ್ದರು ಆಚಾರ್ಯರು.

“ನಾವು ಇದ್ದಲ್ಲೇ ಇದ್ದೀವಿ ಸ್ವಾಮಿ. ನೀವೇ ಬಾವಿಗೆ ಇಳೀತಿದ್ದೀರಿ.”

ಹೀಗೆ ಬೈದಾಡಿಕೊಂಡೇ ಇಬ್ಬರೂ ಒಂದೇ ಡಬ್ಬಿಯ ನಶ್ಯ ಏರಿಸುತ್ತಿದ್ದರು. ಡಬ್ಬಿ ಯಾರದೆಂಬ ಜಗಳವೂ ಹಳೆಯದೇ.

ಒಂದು ದಿನ ಪಕ್ಕದ ರಾಜ್ಯದ ಅತಿಥಿಯೊಬ್ಬರು ಕಛೇರಿಯ ನಡುವೆ ಕಿವಿ ಮುಚ್ಚಿಕೊಂಡರು. ದೊರೆಗೆ ಅವಮಾನವಾಯಿತು. ವಾದ್ಯಗೋಷ್ಠಿಯ ಮೇಷ್ಟ್ರು ಚೆನ್ನವೀರಯ್ಯನವರನ್ನು ಕರೆಸಿದ.

“ತಪ್ಪು ಯಾವ ಸಾಲಿನದು ಅಂತ ನಾಳೆಯೇ ಗೊತ್ತಾಗಬೇಕು. ಆ ಸಾಲು ಅರಮನೆ ಬಿಟ್ಟು ಹೋಗಲಿ.”

ದೊರೆಗಳ ಪ್ರಶ್ನೆಗಳಲ್ಲಿ ಉತ್ತರವೂ ಅರ್ಧ ಸೇರಿಕೊಂಡೇ ಇರುತ್ತದೆ. ಮೇಷ್ಟ್ರಿಗೆ ನಿದ್ದೆ ಬರಲಿಲ್ಲ. ಎರಡೂ ಸಾಲಿನವರಿಗೆ ವಾದ್ಯ ಬಿಟ್ಟು ಬೇರೆ ಕಸುಬು ಗೊತ್ತಿರಲಿಲ್ಲ.

ಮರುದಿನ ದೊರೆಯ ಎದುರೇ ಪರೀಕ್ಷೆ ನಡೆಯಿತು. ಕಛೇರಿಯ ದಿನದಂತೆಯೇ ದೀಪಗಳನ್ನೆಲ್ಲ ಹಚ್ಚಿದರು, ಜನರನ್ನು ತುಂಬಿದರು. ಒಂದೊಂದು ಸಾಲೂ ಗಂಟೆಗೆ ಶ್ರುತಿ ಸೇರಿಸಿಕೊಂಡು ತಾನೊಂದೇ ಇಡೀ ಕಛೇರಿ ನುಡಿಸಬೇಕು.

ಮೊದಲು ಪಿಟೀಲಿನವರು. ಕೊನೆಯವರೆಗೂ ಒಂದು ಅಪಸ್ವರವಿಲ್ಲ. ಜನ ಚಪ್ಪಾಳೆ ತಟ್ಟಿದರು. ಆಚಾರ್ಯರು ಬಲಗಡೆ ನೋಡಿ ನಕ್ಕರು.

“ಗಂಟೆ ಹೊಡೆಸಿ ಮೇಷ್ಟ್ರೇ,” ಎಂದ ಲಾಜರಪ್ಪ. “ಸ್ವಾಮಿಗಳು ಬಾವಿಯಲ್ಲಿ ಎಷ್ಟು ಆಳದಲ್ಲಿದ್ದಾರೆ ನೋಡೋಣ.”

ಗಂಟೆ ಹೊಡೆದರು. ಪಿಟೀಲುಗಳ ಶ್ರುತಿ ಅದಕ್ಕಿಂತ ಕೆಳಗಿತ್ತು. ಅದು ಎಲ್ಲರಿಗೂ ಕೇಳಿಸಿತು.

ಆಚಾರ್ಯರ ಕೈಯ ಕಮಾನು ತೊಡೆಯ ಮೇಲೆ ಬಿತ್ತು. ಅದನ್ನು ನೋಡಿ ಲಾಜರಪ್ಪನ ನಗೆ ಇಂಗಿತು. ಅವನು ಬಯಸಿದ್ದು ಗೆಲುವನ್ನು, ಆಚಾರ್ಯರಿಲ್ಲದ ಅರಮನೆಯನ್ನಲ್ಲ.

“ಗಂಟೆಗೂ ವಯಸ್ಸಾಯಿತಲ್ಲ ಮೇಷ್ಟ್ರೇ,” ಎಂದ. “ಅದರ ಮಾತು ಏನು ಲೆಕ್ಕ ಬಿಡಿ.”

“ಬಿಡೋದೇನು? ನಮಗೆ ಹೊಡೆದ ಗಂಟೆ ನಿಮಗೂ ಹೊಡೀಲಿ,” ಎಂದರು ಆಚಾರ್ಯರು. ಅವರಿಗೆ ಕರುಣೆ ತೋರಿಸಿದರೆ ಆಗುತ್ತಿರಲಿಲ್ಲ.

ಊದುವವರು ನುಡಿಸಿದರು. ಅದೂ ಸೊಗಸಾಗಿತ್ತು. ಮತ್ತೆ ಚಪ್ಪಾಳೆ. ಮತ್ತೆ ಗಂಟೆ. ಈ ಸಲ ವಾದ್ಯಗಳ ಶ್ರುತಿ ಗಂಟೆಗಿಂತ ಮೇಲಿತ್ತು.

ಕಾರಣ ದೊಡ್ಡದೇನಲ್ಲ. ದೀಪಗಳಿಂದ, ಜನರಿಂದ ಸಭಾಂಗಣ ಬರಬರುತ್ತಾ ಬಿಸಿಯೇರುತ್ತಿತ್ತು. ಬಿಸಿಗೆ ತಂತಿ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಕೊಳವೆಯೊಳಗಿನ ಗಾಳಿ ಬಿಸಿಯಾದರೆ ಶ್ರುತಿ ಏರುತ್ತದೆ. ಬಾಗಿಲಲ್ಲಿ ತೂಗುವ ದಪ್ಪ ಕಂಚಿಗೆ ಅಷ್ಟು ಬಿಸಿ ಲೆಕ್ಕಕ್ಕಿಲ್ಲ. ಇಡೀ ಸಾಲು ಒಟ್ಟಿಗೆ ಇಳಿದರೆ, ಅಥವಾ ಒಟ್ಟಿಗೆ ಏರಿದರೆ, ಆ ಸಾಲಿನೊಳಗೆ ಯಾರಿಗೂ ತಪ್ಪು ಕೇಳಿಸುವುದಿಲ್ಲ.

“ತಪ್ಪಿದವರನ್ನು ಕಳಿಸಬೇಕಾದರೆ ಎರಡೂ ಸಾಲು ಕಳಿಸಬೇಕು, ಪ್ರಭು,” ಎಂದರು ಮೇಷ್ಟ್ರು. “ಆಮೇಲೆ ನಾನೊಬ್ಬನೇ ಗಾಳಿಗೆ ಕೈ ಬೀಸುತ್ತಾ ನಿಂತಿರಬೇಕು.”

ದೊರೆ ನಕ್ಕ. ಯಾರೂ ಹೋಗಬೇಕಾಗಲಿಲ್ಲ.

ಅಂದಿನಿಂದ ಕಛೇರಿಯ ನಡುವೆ ಒಮ್ಮೆ ನಿಲ್ಲಿಸಿ, ಗಂಟೆ ಹೊಡೆದು, ಎಲ್ಲರೂ ಮತ್ತೆ ಶ್ರುತಿ ಸೇರಿಸಿಕೊಳ್ಳುತ್ತಿದ್ದರು. ಅತಿಥಿಗಳು ಅದನ್ನೂ ಒಂದು ಕೃತಿಯೆಂದು ತಿಳಿದು ತಲೆದೂಗುತ್ತಿದ್ದರು. ನಶ್ಯದ ಡಬ್ಬಿಯ ವ್ಯಾಜ್ಯ ಮಾತ್ರ ಹಾಗೆಯೇ ಉಳಿಯಿತು.

ನೀತಿ: ನಮ್ಮವರೆಲ್ಲ ಒಟ್ಟಿಗೆ ತಪ್ಪಿದಾಗ ಅದು ನಮಗೆ ಸರಿಯಾಗಿಯೇ ಕೇಳಿಸುತ್ತದೆ. ಪಕ್ಕದವರನ್ನು ದೂರುವ ಮೊದಲು, ಯಾರ ಕಡೆಗೂ ಸೇರದ ಒಂದು ಅಳತೆಗೆ ನಮ್ಮನ್ನೇ ಹಿಡಿದು ನೋಡಬೇಕು. ಆ ಅರಮನೆಯಲ್ಲಿ ಅಪಸ್ವರ ಎರಡೂ ಸಾಲಿನಿಂದ ಬರುತ್ತಿತ್ತು.