ನಾಯಿ ಇದೆ, ಎಚ್ಚರಿಕೆ

ಒಂದು ಮನೆಯ ಗೇಟಿಗೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕ ತೂಗುತ್ತಿತ್ತು. ಆ ಮನೆಯ ನಾಯಿ ಕೆಂಚ ಒಂದು ಬೆಳಿಗ್ಗೆ ಹಾಲಿನವನ ಕಾಲು ಕಚ್ಚಿತು. “ಹುಟ್ಟುಗುಣ ಸುಟ್ಟರೂ ಹೋಗದು, ಆ ತಳಿಯೇ ನಮ್ಮೂರಿಗೆ ಬೇಡ” ಎಂದರು ಊರವರು. ಕೆಂಚನನ್ನು ಹಿಡಿದೊಯ್ಯಲು ವ್ಯಾನು ಬಂತು.

ಗೇಟು ದಾಟುವಾಗ ಕೆಂಚ ಫಲಕವನ್ನು ಕೇಳಿತು: “ಅಣ್ಣಾ, ನೀನು ನನಗಿಂತ ಮೊದಲೇ ಇಲ್ಲಿದ್ದವನು. ಸತ್ಯ ಹೇಳು, ಇದು ನನ್ನ ಹುಟ್ಟುಗುಣವೇ?”

“ಬಂದ ದಿನ ನೀನು ಇದೇ ಹಾಲಿನವನ ಕೈ ನೆಕ್ಕಿದ್ದೆ. ಯಜಮಾನರು ನಿನ್ನನ್ನು ಎರಡು ದಿನ ಉಪವಾಸ ಕೆಡವಿ, ಅವನನ್ನು ಕಂಡು ನೀನು ಗುರುಗುಟ್ಟಿದ ಮೇಲೆಯೇ ಅನ್ನ ಹಾಕಿದರು.”

“ಹಾಗಾದರೆ ಅದನ್ನು ಊರಿಗೆ ಹೇಳಬಾರದೇ?”

“ಬರೆದಷ್ಟನ್ನೇ ಹೇಳುವವನು ನಾನು, ತಮ್ಮಾ. ಬರೆಸಿದವರು ಯಜಮಾನರು.”

ವ್ಯಾನು ಹೋಯಿತು. ವಾರ ಕಳೆಯುವಷ್ಟರಲ್ಲಿ ಯಜಮಾನರು ಬೇರೆ ತಳಿಯ ಮರಿಯೊಂದನ್ನು ತಂದರು. “ಇದು ಬಹಳ ಸಾಧು ಜಾತಿ” ಎಂದು ಊರವರು ಸಮಾಧಾನಪಟ್ಟರು. ಮರಿ ಬಾಲ ಆಡಿಸುತ್ತ ಓಡಿ ಬಂದು, ಕುಂಟುತ್ತ ಬಂದಿದ್ದ ಹಾಲಿನವನ ಕೈ ನೆಕ್ಕಿತು.

ಯಜಮಾನರು ಅದನ್ನು ಎಳೆದುಕೊಂಡು ಹೋಗಿ ಕೆಂಚನ ಸರಪಳಿಗೇ ಕಟ್ಟಿದರು. “ಇವತ್ತು ಇದಕ್ಕೆ ಯಾರೂ ಅನ್ನ ಹಾಕಬೇಡಿ” ಎಂದು ಮನೆಯವರಿಗೆ ಹೇಳಿ, ಗೇಟಿನ ಬಳಿ ಬಂದು ಫಲಕದ ಧೂಳು ಒರೆಸಿದರು.