ಅಧ್ಯಕ್ಷರ ಕೈಗುಣ

ವಿಶ್ವವಿದ್ಯಾಲಯದ ಮರುಮಾನ್ಯತೆಗೆ ಸಮಿತಿ ಬರುವ ಹಿಂದಿನ ದಿನ ಕುಲಪತಿಗಳು ತೋಟದ ಮಾಲಿ ಗುಡದಪ್ಪನನ್ನು ಕರೆಸಿದರು.

"ಹೋದ ಸಲದ ಅಧ್ಯಕ್ಷರೇ ಈ ಸಲವೂ ಬರ್ತಿದಾರೆ. ಐದು ವರ್ಷದ ಹಿಂದೆ ಅವರು ನೆಟ್ಟ ಹೊಂಗೆ ಸಸಿ ಎಲ್ಲಿ?"

"ಅದನ್ನ ಮರುದಿನಾನೇ ಆಡು ತಿಂದು ಹೋತ್ರಿ. ಹೆಸರಿನ ಬೋರ್ಡು ಐತಿ."

"ನಾಳೆ ಬೆಳಿಗ್ಗೆ ಆ ಬೋರ್ಡಿನ ಹಿಂದೆ ಮರ ಇರಬೇಕು. ಇಲ್ಲದಿದ್ದರೆ ನೀನಿರಲ್ಲ!"

ಗುಡದಪ್ಪ ಬೋರ್ಡು ಕಿತ್ತು ತಂದು, ಕ್ಯಾಂಟೀನಿನ ಮುಂದೆ ಮೂವತ್ತು ವರ್ಷದಿಂದ ನಿಂತಿದ್ದ ಹೊಂಗೆ ಮರದ ಬುಡದಲ್ಲಿ ನೆಟ್ಟ.

ಮರುದಿನ ಅಧ್ಯಕ್ಷರು ತಮ್ಮ ಹೆಸರು ಓದಿ, ತಲೆ ಎತ್ತಿ ನೋಡಿದರು.

"ಐದೇ ವರ್ಷಕ್ಕೆ ಇಷ್ಟು ದೊಡ್ಡದಾಯ್ತೇ?"

"ಬ್ಯಾರೇದವರು ನೆಟ್ಟಿದ್ರ ಆಗತಿರಲಿಲ್ರಿ ಸಾಹೇಬ್ರ. ನಿಮ್ಮ ಕೈಗುಣ!" ಎಂದ ಗುಡದಪ್ಪ.

ಅಧ್ಯಕ್ಷರು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಮರದ ಜೊತೆ ಫೋಟೋ ತೆಗೆಸಿಕೊಂಡು, ಹಸಿರು ಆವರಣಕ್ಕೆ ಪೂರ್ತಿ ಅಂಕ ಬರೆದರು.

ಸಮಿತಿಯ ಕಾರು ಗೇಟು ದಾಟಿತು. ಕುಲಪತಿಗಳು ಗುಡದಪ್ಪನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು: "ಅಲ್ಲಪ್ಪಾ, ನಾನು ಅಧಿಕಾರ ವಹಿಸಿಕೊಂಡ ದಿನ ಒಂದು ಸಸಿ ನೆಟ್ಟಿದ್ದೆನಲ್ಲ, ಅದು ಹೇಗಿದೆ?"

"ಬೋರ್ಡು ಗಟ್ಟಿಮುಟ್ಟಾಗೈತ್ರಿ ಸಾಹೇಬ್ರ. ಯಾವ ಮರ ಬೇಕು, ಕೈ ಮಾಡಿ ತೋರಸ್ರಿ."