ಸೀದ ಹುಳಿ ಯಾರ ಕೆಲಸ?

ಒಂದೂರಿನ ಪಾದ್ರಿ ಅಯ್ಯನವರ ಮನೇಲಿ ರೂತಮ್ಮ ಅಂತ ಅಡುಗೆಯವಳಿದ್ದಳು. ಊಟ ಎಷ್ಟೇ ರುಚಿಯಾಗಲಿ, ಅಯ್ಯನವರು ಕಣ್ಣು ಮುಚ್ಚಿ, "ಎಲ್ಲಾ ದೇವರ ಕೃಪೆ, ಸ್ತೋತ್ರ" ಅನ್ನೋರು. ಅವಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಒಂದು ದಿನ ಹುಳಿ ಸೀದುಹೋಯಿತು.

"ಇದು ಸೈತಾನನ ಕೆಲಸ! ನಾಳೆಯಿಂದ ನೀನು ಬರಬೇಡ," ಎಂದು ಅಯ್ಯನವರು ಗುಡುಗಿದರು.

ರೂತಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಆಗಲಿ ಅಯ್ಯನವರೇ. ರುಚಿಯಾದರೆ ದೇವರು ಮಾಡಿದ್ದು, ಸೀದರೆ ಸೈತಾನ ಮಾಡಿದ್ದು. ಹಂಗಾದರೆ ಇಷ್ಟು ವರ್ಷ ಒಲೆ ಊದಿದವಳು ಯಾರು? ತಪ್ಪು ಸೈತಾನನದಾದರೆ ಅವನನ್ನೇ ಕೆಲಸದಿಂದ ತೆಗೀರಿ. ನನ್ನದೇ ಅಂತೀರಾದರೆ, ನಿನ್ನೆ ನೀವು ಚಪ್ಪರಿಸಿ ಉಂಡ ಮೀನುಸಾರೂ ನನ್ನದೇ!"

ಅಯ್ಯನವರು ತಟ್ಟೆ ಎಳೆದುಕೊಂಡರು. ಸೀದ ಹುಳಿಯನ್ನೇ ಕಲಸಿಕೊಂಡು ಉಂಡರು.

ಮರುದಿನವೂ ರೂತಮ್ಮನೇ ಬಡಿಸಿದಳು. ಅಯ್ಯನವರು ಊಟಕ್ಕೆ ಕೂತು, ಕಣ್ಣು ಮುಚ್ಚಿ, "ದೇವರೇ, ಸ್ತೋತ್ರ" ಅಂದರು. ಆಮೇಲೆ ಒಂದೇ ಕಣ್ಣು ತೆರೆದು, "ನಿನಗೂ ಕಣಮ್ಮ, ರೂತಮ್ಮ," ಅಂದರು.